ಮಿಕ್ಕ ಜನ ಎಲ್ಲಿ ಹೋದರು? – ಜನಗಣತಿಯ ಅಂಕಿಗಳಿಗೆ ಘಾತೀಯ ವಕ್ರರೇಖೆ ಹೊಂದಿಸುವ ಒಂದು ಪಾಠ

ಹಿನ್ನೆಲೆ

ಬೋಧನಾಭ್ಯಾಸದ ಅವಧಿಯಲ್ಲಿ ಚಳ್ಳಕೆರೆಯ ಪ್ರಥಮ ಪಿಯುಸಿ ತರಗತಿಯೊಂದರಲ್ಲಿ ಗಣಿತ ಪಾಠವನ್ನು ಅವಲೋಕಿಸಲು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಗುಣೋತ್ತರ ಶ್ರೇಢಿಯ ಅನ್ವಯವಾಗಿ ಘಾತೀಯ ಬೆಳವಣಿಗೆಯನ್ನು ಪರಿಚಯಿಸುವುದು ಅಂದಿನ ಪಾಠ. ಪ್ರಶಿಕ್ಷಣಾರ್ಥಿ ಚೆನ್ನಾಗಿ ಸಿದ್ಧರಾಗಿ ಬಂದಿದ್ದರು. 1951ರಿಂದ 1991ರವರೆಗಿನ ಐದು ಗಣತಿಗಳಲ್ಲಿ ಕರ್ನಾಟಕದ ಜನಸಂಖ್ಯೆ ಎಷ್ಟಿತ್ತೆಂಬುದನ್ನು ಆಕ್ಟೇವ್ ತಂತ್ರಾಂಶಕ್ಕೆ ಕೊಟ್ಟು, ಹತ್ತು ಸಾಲಿನ ಸ್ಕ್ರಿಪ್ಟ್ ಓಡಿಸಿ, ಪರದೆಯ ಮೇಲೆ ರೇಖೆಯನ್ನು ತೋರಿಸಿದರು. ಐದೂ ಬಿಂದುಗಳು ರೇಖೆಗೆ ಅಂಟಿಕೊಂಡಂತೆ ಕಂಡವು. ಆರ್-ವರ್ಗ 0.999 ಎಂದು ಬಂತು. ‘ಅಂದರೆ ನಮ್ಮ ಸೂತ್ರ ಬಹುತೇಕ ಪೂರ್ತಿ ಸರಿ’ ಎಂದು ಹಲಗೆಯ ಮೇಲೆ ಬರೆದು, ಅದೇ ರೇಖೆಯನ್ನು ಮುಂದಕ್ಕೆ ಎಳೆದು, 2011ಕ್ಕೆ 693 ಲಕ್ಷ ಎಂದು ಲೆಕ್ಕ ಮುಗಿಸಿದರು.

ಎರಡನೇ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. “ಮಿಸ್, 2011ರ ಗಣತೀಲಿ 611 ಲಕ್ಷ ಅಂತ ಐತೆ. ಮಿಕ್ಕ ಜನ ಎಲ್ಲಿ ಹೋದ್ರು?”

ತರಗತಿ ನಕ್ಕಿತು. ಪ್ರಶಿಕ್ಷಣಾರ್ಥಿಯೂ ನಕ್ಕು, “ಅದು ಅಂದಾಜು ಅಷ್ಟೇ ಕಣಮ್ಮ” ಎಂದು ಮುಂದಿನ ಲೆಕ್ಕಕ್ಕೆ ಹೋದರು. ಮಿಕ್ಕವರು ಎಷ್ಟು ಜನ? 82 ಲಕ್ಷಕ್ಕೂ ಹೆಚ್ಚು. 2011ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿದ್ದ ಜನ ಸುಮಾರು 84 ಲಕ್ಷ. 0.999 ಅಂಕ ಪಡೆದ ಸೂತ್ರ ರಾಜ್ಯದಲ್ಲಿ ಇಲ್ಲದ ಇನ್ನೊಂದು ಬೆಂಗಳೂರನ್ನೇ ಕಟ್ಟಿಬಿಟ್ಟಿತ್ತು. ಅಂದಿನ ಪಾಠದಲ್ಲಿ ಕೇಳಿಬಂದ ಅತ್ಯುತ್ತಮ ಪ್ರಶ್ನೆ ಅದು. ಅದಕ್ಕೆ ಉತ್ತರ ಸಿಗಲಿಲ್ಲ. ತಪ್ಪು ಪ್ರಶಿಕ್ಷಣಾರ್ಥಿಯದಷ್ಟೇ ಅಲ್ಲ. ಆ ಪಾಠಯೋಜನೆಯನ್ನು ಹಿಂದಿನ ದಿನ ಓದಿ ಸಹಿ ಹಾಕಿದವನು ನಾನೇ. ಸ್ಕ್ರಿಪ್ಟ್ ಓಡುತ್ತದೆಯೇ ಎಂದು ನೋಡಿದ್ದೆ. ಬಂದ ಉತ್ತರವನ್ನು ಪರೀಕ್ಷಿಸುವ ಹಂತ ಯೋಜನೆಯಲ್ಲಿದೆಯೇ ಎಂದು ನೋಡಿರಲಿಲ್ಲ.

ಆ ಸಂಜೆ ಇಬ್ಬರೂ ಕುಳಿತು ಪಾಠವನ್ನು ಮತ್ತೆ ಕಟ್ಟಿದೆವು. ಮೂರು ಅವಧಿಗಳ ಆ ಹೊಸ ಪಾಠವನ್ನು ಅದೇ ಪ್ರಶಿಕ್ಷಣಾರ್ಥಿ ಮುಂದೆ ಮೊಳಕಾಲ್ಮೂರಿನಲ್ಲಿ ಬೋಧಿಸಿದರು. ಅದರ ಹಂತಗಳನ್ನು ಇಲ್ಲಿ ಕೊಡುತ್ತಿದ್ದೇನೆ.

ಬೋಧನಾ ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಗಳು:
1. ಸಮಾಂತರ ಬೆಳವಣಿಗೆಗೂ ಗುಣೋತ್ತರ ಬೆಳವಣಿಗೆಗೂ ಇರುವ ವ್ಯತ್ಯಾಸವನ್ನು ಅಂಕಿಗಳ ಅನುಪಾತದಿಂದ ಗುರುತಿಸುವರು.
2. ಲಾಗರಿದಮ್ ಬಳಸಿ ಘಾತೀಯ ರೇಖೆಯನ್ನು ಸರಳರೇಖೆಯಾಗಿ ಬದಲಿಸಿ, ಸ್ಕ್ರಿಪ್ಟ್ ಮೂಲಕ ಹೊಂದಿಸುವರು.
3. ಶೇಷಗಳನ್ನು ಬರೆದು, ಅವುಗಳ ಚಿಹ್ನೆಗಳಲ್ಲಿ ಕ್ರಮವಿದೆಯೇ ಎಂದು ಪರಿಶೀಲಿಸುವರು.
4. ಅಂಕಿಗಳ ವ್ಯಾಪ್ತಿಯ ಆಚೆಗೆ ರೇಖೆಯನ್ನು ಎಳೆಯುವ ಮುನ್ನ ‘ಗುಣಕ ಬದಲಾಗದೆ ಇರಲು ಕಾರಣವಿದೆಯೇ?’ ಎಂದು ಕೇಳುವರು.

ಪೂರ್ವಜ್ಞಾನ ಮತ್ತು ಸಾಮಗ್ರಿ

ವಿದ್ಯಾರ್ಥಿಗಳಿಗೆ ಚಕ್ರಬಡ್ಡಿ, ಗುಣೋತ್ತರ ಶ್ರೇಢಿ, ಸರಳರೇಖೆಯ ಸಮೀಕರಣ ಮತ್ತು ಲಾಗರಿದಮ್‌ನ ಮೂಲ ನಿಯಮಗಳು ಗೊತ್ತಿರಬೇಕು. ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿದ ನೂರು ಹುಣಸೆ ಬೀಜ, ನಕ್ಷೆ ಹಾಳೆ, ಕ್ಯಾಲ್ಕುಲೇಟರ್ ಮತ್ತು ಆಕ್ಟೇವ್ ಹಾಕಿದ ಒಂದು ಕಂಪ್ಯೂಟರ್ ಇದ್ದರೆ ಸಾಕು. ಆಕ್ಟೇವ್ ಉಚಿತ ತಂತ್ರಾಂಶ. ಅದನ್ನು ಬರೆದ ಜಾನ್ ಈಟನ್ ಅದಕ್ಕೆ ತಮ್ಮ ಗುರು, ರಸಾಯನ ಎಂಜಿನಿಯರಿಂಗ್ ಪ್ರಾಧ್ಯಾಪಕ ಆಕ್ಟೇವ್ ಲೆವೆನ್‌ಸ್ಪೀಲ್ ಅವರ ಹೆಸರಿಟ್ಟರು. ಕೈಗೆ ಸಿಕ್ಕ ಕಾಗದದ ಮೇಲೆ ಸ್ಥೂಲ ಲೆಕ್ಕವನ್ನು ಥಟ್ಟನೆ ಹಾಕುವುದರಲ್ಲಿ ಆ ಗುರು ಹೆಸರುವಾಸಿ. ಈ ಪಾಠದಲ್ಲೂ ಕಾಗದದ ಲೆಕ್ಕ ಮೊದಲು, ಕಂಪ್ಯೂಟರ್ ಆಮೇಲೆ.

ಹಂತ 1: ಹುಣಸೆ ಬೀಜದ ಆಟ

ಚೌಕಾಬಾರ ಆಡಿದ ಮಕ್ಕಳಿಗೆ ಈ ಬೀಜಗಳ ಪರಿಚಯ ಮಾಡಿಸಬೇಕಿಲ್ಲ. ನೂರು ಬೀಜಗಳನ್ನು ಚೆಲ್ಲಿ, ಬಿಳಿ ಬದಿ ಮೇಲೆ ಬಂದವನ್ನೆಲ್ಲ ತೆಗೆದು, ಉಳಿದವನ್ನು ಎಣಿಸಿ ಬರೆಯಬೇಕು. ಉಳಿದವನ್ನು ಮತ್ತೆ ಚೆಲ್ಲಬೇಕು. ಪ್ರತಿ ಸಲ ಸುಮಾರು ಅರ್ಧದಷ್ಟು ಹೋಗುತ್ತವೆ. ನಿಖರವಾಗಿ ಅರ್ಧವೇ ಹೋಗಬೇಕೆಂದಿಲ್ಲ, ಏಕೆಂದರೆ ಉಜ್ಜಿದ ಬೀಜ ಎರಡೂ ಬದಿಗೆ ಸಮನಾಗಿ ಬೀಳುವುದೆಂಬ ಖಾತರಿಯಿಲ್ಲ. ಆ ಬೀಜಗಳ ನಿಜವಾದ ಗುಣಕ ಎಷ್ಟು ಎಂಬುದನ್ನೇ ನಾವು ಅಂಕಿಗಳಿಂದ ಕಂಡುಹಿಡಿಯಬೇಕು. ರೇಖೆ ಹೊಂದಿಸುವುದು ಎಂದರೆ ಇದೇ.

ಇಲ್ಲಿ ಕೇಳಬೇಕಾದ ಪ್ರಶ್ನೆ: ಮೊದಲ ಸಲ ಚೆಲ್ಲಿದಾಗಲೂ ಐದನೇ ಸಲ ಚೆಲ್ಲಿದಾಗಲೂ ಒಂದು ಬೀಜ ಬಿಳಿ ಬೀಳುವ ಸಂಭವ ಒಂದೇ ಏಕೆ? ಬೀಜಕ್ಕೆ ನೆನಪಿಲ್ಲ, ವಯಸ್ಸಾಗುವುದಿಲ್ಲ, ಪಕ್ಕದ ಬೀಜವನ್ನು ನೋಡಿ ಬುದ್ಧಿ ಕಲಿಯುವುದಿಲ್ಲ. ಆದ್ದರಿಂದ ಗುಣಕ ಬದಲಾಗುವುದಿಲ್ಲ. ಇಲ್ಲಿ ಘಾತೀಯ ರೇಖೆಗೆ ಒಂದು ಕಾರಣವಿದೆ. ವಿಕಿರಣಶೀಲ ಪರಮಾಣುಗಳೂ ಹೀಗೆಯೇ. ಮೊಳಕಾಲ್ಮೂರಿನ ತರಗತಿಯಲ್ಲಿ ಇದಕ್ಕೆ ಬ್ರಹ್ಮಗಿರಿಯ ಉದಾಹರಣೆ ಕೊಟ್ಟೆವು. ಆ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ 1947ರಲ್ಲಿ ಉತ್ಖನನ ನಡೆಸಿದಾಗ ಇಂಗಾಲ-14ರಿಂದ ಕಾಲ ಗೊತ್ತುಮಾಡುವ ವಿಧಾನ ಇನ್ನೂ ಬಳಕೆಗೆ ಬಂದಿರಲಿಲ್ಲ. ವಿಲ್ಲರ್ಡ್ ಲಿಬ್ಬಿ ಮತ್ತು ಸಂಗಡಿಗರು ಅದನ್ನು ತೋರಿಸಿಕೊಟ್ಟದ್ದು 1949ರ ಹೊತ್ತಿಗೆ. ಇಂಗಾಲ-14ರ ಅರ್ಧಾಯು ಸುಮಾರು 5730 ವರ್ಷ. ಆ ಅರ್ಧಾಯು ಅಶೋಕನ ಕಾಲದಲ್ಲೂ ಅಷ್ಟೇ, ಇಂದೂ ಅಷ್ಟೇ. ಅದು ಬದಲಾಗುವುದಿಲ್ಲ ಎಂಬ ಕಾರಣಕ್ಕೇ ಸಾವಿರಾರು ವರ್ಷ ಹಿಂದಕ್ಕೆ ರೇಖೆ ಎಳೆಯುವ ಧೈರ್ಯ ವಿಜ್ಞಾನಿಗಳಿಗೆ ಬಂದಿದೆ.

ಒಂದು ಎಚ್ಚರಿಕೆ: ಬೀಜಗಳು ಪೂರ್ತಿ ಮುಗಿಯುವವರೆಗೆ ಆಡಿ, ಕೊನೆಯ ಸೊನ್ನೆಯನ್ನೂ ಸ್ಕ್ರಿಪ್ಟಿಗೆ ಕೊಡಬೇಡಿ. ಸೊನ್ನೆಗೆ ಲಾಗರಿದಮ್ ಇಲ್ಲ. ಆಕ್ಟೇವ್ ಅದನ್ನು ಋಣ ಅನಂತ ಎಂದು ತೆಗೆದುಕೊಂಡು ಇಡೀ ಉತ್ತರವನ್ನು ಕೆಡಿಸುತ್ತದೆ. ಐದಾರು ಬೀಜ ಉಳಿದಾಗಲೇ ನಿಲ್ಲಿಸುವುದು ಒಳ್ಳೆಯದು. ಅಷ್ಟು ಕಡಿಮೆ ಸಂಖ್ಯೆಯಲ್ಲಿ ಆಕಸ್ಮಿಕದ ಏರುಪೇರು ದೊಡ್ಡದಾಗಿರುತ್ತದೆ.

ಹಂತ 2: ಗಣತಿಯ ಅಂಕಿಗಳನ್ನು ಓದುವುದು

ಈಗ ಜನಸಂಖ್ಯೆಗೆ ಬರೋಣ. ಕೆಳಗಿನ ಅಂಕಿಗಳೆಲ್ಲ ಇಂದಿನ ಕರ್ನಾಟಕದ ಎಲ್ಲೆಗೆ ಸಂಬಂಧಿಸಿದವು.

| ವರ್ಷ | ಜನಸಂಖ್ಯೆ (ಲಕ್ಷ) | ಹಿಂದಿನ ಗಣತಿಯೊಂದಿಗೆ ಅನುಪಾತ |
|---|---|---|
| 1951 | 194.02 | – |
| 1961 | 235.87 | 1.216 |
| 1971 | 292.99 | 1.242 |
| 1981 | 371.36 | 1.267 |
| 1991 | 449.77 | 1.211 |
| 2001 | 528.51 | 1.175 |
| 2011 | 610.95 | 1.156 |

‘ಇಂದಿನ ಎಲ್ಲೆ’ ಎಂಬ ಮಾತನ್ನು ತರಗತಿಯಲ್ಲಿ ವಿವರಿಸಬೇಕು. 1951ರ ಗಣತಿಯ ದಿನ ಮೈಸೂರು ರಾಜ್ಯ ಚಿಕ್ಕದಾಗಿತ್ತು. ಮೊಳಕಾಲ್ಮೂರಿಗೆ ಹೊಂದಿಕೊಂಡ ಬಳ್ಳಾರಿ ಸೀಮೆ ಅದಕ್ಕೆ ಸೇರಿದ್ದು 1953ರಲ್ಲಿ. ಉಳಿದ ಕನ್ನಡ ಪ್ರದೇಶಗಳು 1956ರಲ್ಲಿ ಬಂದವು. ಹಳೆಯ ಮೈಸೂರಿನ ಅಂಕಿಯನ್ನೂ ಹೊಸ ರಾಜ್ಯದ ಅಂಕಿಯನ್ನೂ ಒಂದೇ ಸಾಲಿನಲ್ಲಿ ಬೆರೆಸಿದರೆ, ಜನ ಹುಟ್ಟಿ ಬೆಳೆದದ್ದಕ್ಕೂ ಗಡಿ ಸರಿದದ್ದಕ್ಕೂ ಸ್ಕ್ರಿಪ್ಟ್ ವ್ಯತ್ಯಾಸ ಮಾಡುವುದಿಲ್ಲ. ಆ ವ್ಯತ್ಯಾಸವನ್ನು ಶಿಕ್ಷಕರೇ ಮಾಡಬೇಕು.

ಕಂಪ್ಯೂಟರ್ ಮುಟ್ಟುವ ಮುನ್ನ ಮೂರನೇ ಕಂಬಸಾಲನ್ನು ಮಕ್ಕಳೇ ಕ್ಯಾಲ್ಕುಲೇಟರ್‌ನಲ್ಲಿ ತುಂಬಲಿ. ಗುಣೋತ್ತರ ಶ್ರೇಢಿಯಾದರೆ ಅನುಪಾತ ಸ್ಥಿರವಾಗಿರಬೇಕು. ಇಲ್ಲಿ ಅದು 1981ರವರೆಗೆ ಏರಿ, ಆಮೇಲೆ ಸತತವಾಗಿ ಇಳಿದಿದೆ. ಈ ಒಂದು ಕಂಬಸಾಲು ನೋಡಿದ ವಿದ್ಯಾರ್ಥಿಗೆ ಮುಂದಿನ ಹಂತಗಳಲ್ಲಿ ಆಗಲಿರುವುದರ ಸುಳಿವು ಸಿಕ್ಕಿರುತ್ತದೆ. ಚಳ್ಳಕೆರೆಯ ಪಾಠದಲ್ಲಿ ನಾವು ಈ ಕೆಲಸವನ್ನೇ ಮಾಡಿಸಿರಲಿಲ್ಲ.

ಹಂತ 3: ಸ್ಕ್ರಿಪ್ಟ್ ಬರೆಯುವುದು

ನಾವು ಹೊಂದಿಸುವ ಸೂತ್ರ: ಜನಸಂಖ್ಯೆ = ಆರಂಭದ ಬೆಲೆ × (ಗುಣಕ)ನ ಘಾತ ದಶಕಗಳ ಸಂಖ್ಯೆ. ಎರಡೂ ಕಡೆ ಲಾಗರಿದಮ್ ತೆಗೆದುಕೊಂಡರೆ, ಜನಸಂಖ್ಯೆಯ ಲಾಗ್ = ಆರಂಭದ ಬೆಲೆಯ ಲಾಗ್ + ದಶಕ × ಗುಣಕದ ಲಾಗ್. ಇದು ಸರಳರೇಖೆ. ಅದರ ಇಳಿಜಾರು ಗುಣಕದ ಲಾಗ್.

ಸ್ಕ್ರಿಪ್ಟಿನ ಸಾಲುಗಳನ್ನು ಒಂದೊಂದಾಗಿ, ಪ್ರತಿ ಸಾಲಿಗೂ ‘ಏಕೆ?’ ಎಂದು ಕೇಳುತ್ತ ಬರೆಸಬೇಕು.

1. ವರ್ಷಗಳ ಸಾಲು, ಜನಸಂಖ್ಯೆಯ ಸಾಲು ಬರೆಯಿರಿ.

2. ವರ್ಷದಿಂದ 1951 ಕಳೆದು 10ರಿಂದ ಭಾಗಿಸಿ. ಈಗ ಕಾಲ 0, 1, 2 ಹೀಗೆ 6ರವರೆಗೆ ಬರುತ್ತದೆ. ಇದನ್ನು ಬಿಟ್ಟು ನೇರವಾಗಿ 1951, 1961 ಎಂದೇ ಕೊಟ್ಟರೆ ‘ಆರಂಭದ ಬೆಲೆ’ ಎಂದರೆ ಸೊನ್ನೆಯ ವರ್ಷದ ಜನಸಂಖ್ಯೆ ಎಂದಾಗುತ್ತದೆ. ಆಗ ಬರುವ ಉತ್ತರ ಒಬ್ಬ ಮನುಷ್ಯನ ಸುಮಾರು 200 ಕೋಟಿಯಲ್ಲೊಂದು ಪಾಲು! ಲೆಕ್ಕ ತಪ್ಪಲ್ಲ, ಅರ್ಥ ತಪ್ಪು. ಮಕ್ಕಳು ಇದನ್ನು ಒಮ್ಮೆ ಮಾಡಿ ನೋಡಿ ನಗಲಿ. ಆಮೇಲೆ ಮರೆಯುವುದಿಲ್ಲ.

3. ಜನಸಂಖ್ಯೆಯ ಲಾಗ್ ತೆಗೆಯಿರಿ. ಆಕ್ಟೇವ್‌ನ ‘ಲಾಗ್’ ಎಂದರೆ ನೈಸರ್ಗಿಕ ಲಾಗರಿದಮ್, ಲಾಗ್ ಕೋಷ್ಟಕದ 10ರ ಆಧಾರದ್ದಲ್ಲ. ಯಾವುದನ್ನು ಬಳಸಿದರೂ ಗುಣಕ ಒಂದೇ ಬರುತ್ತದೆ. ಆದರೆ ಹೋಗುವಾಗ ಒಂದು, ಬರುವಾಗ ಇನ್ನೊಂದು ಆಧಾರ ಬಳಸಿದರೆ ಉತ್ತರ ಹಾಳು.

4. ‘ಪಾಲಿಫಿಟ್’ ಆದೇಶಕ್ಕೆ ಕಾಲ, ಲಾಗ್, ಘಾತ 1 ಕೊಡಿ. ಅದು ಎರಡು ಸಂಖ್ಯೆ ಕೊಡುತ್ತದೆ: ಮೊದಲನೆಯದು ಇಳಿಜಾರು, ಎರಡನೆಯದು ಛೇದಕ. ಈ ಕ್ರಮವನ್ನು ತಿರುಗಾಮುರುಗಾ ಮಾಡಿಕೊಳ್ಳುವುದು ಪ್ರಶಿಕ್ಷಣಾರ್ಥಿಗಳ ಸಾಮಾನ್ಯ ತಪ್ಪು.

5. ಎರಡನ್ನೂ ‘ಎಕ್ಸ್‌ಪ್’ ಮೂಲಕ ಲಾಗ್‌ನಿಂದ ಹೊರತನ್ನಿ. ಏಳು ಗಣತಿಗಳಿಗೆ ಆರಂಭದ ಬೆಲೆ 197.8 ಲಕ್ಷ, ಗುಣಕ 1.216 ಎಂದು ಬರುತ್ತದೆ. ಅಂದರೆ ದಶಕಕ್ಕೆ ಶೇ. 21.6ರ ಬೆಳವಣಿಗೆ.

6. ಪ್ರತಿ ವರ್ಷಕ್ಕೆ ರೇಖೆಯ ಬೆಲೆ ಲೆಕ್ಕಹಾಕಿ. ಗುಣಕವನ್ನು ಕಾಲದ ಇಡೀ ಸಾಲಿನ ಘಾತಕ್ಕೆ ಏರಿಸುವಾಗ ಘಾತದ ಚಿಹ್ನೆಯ ಹಿಂದೆ ಒಂದು ಚುಕ್ಕಿ ಹಾಕಬೇಕು. ಚುಕ್ಕಿ ಬಿಟ್ಟರೆ ಆಕ್ಟೇವ್ ದೋಷ ತೋರಿಸಿ ನಿಲ್ಲುತ್ತದೆ.

7. ನಿಜವಾದ ಬೆಲೆಯಿಂದ ರೇಖೆಯ ಬೆಲೆ ಕಳೆದು ಶೇಷಗಳನ್ನು ಮುದ್ರಿಸಿ, ಅವುಗಳ ನಕ್ಷೆ ಎಳೆಯಿರಿ.

8. ಆರ್-ವರ್ಗವನ್ನು ಕಟ್ಟಕಡೆಗೆ ಮುದ್ರಿಸಿ.

ಸ್ಪ್ರೆಡ್‌ಶೀಟಿನಲ್ಲಿ ಒಂದು ಗುಂಡಿ ಒತ್ತಿದರೆ ಘಾತೀಯ ಟ್ರೆಂಡ್‌ಲೈನ್ ಬರುವಾಗ ಸ್ಕ್ರಿಪ್ಟ್ ಏಕೆ ಎಂದು ಪ್ರಶಿಕ್ಷಣಾರ್ಥಿಗಳು ಕೇಳುತ್ತಾರೆ. ಗುಂಡಿ ರೇಖೆಯನ್ನೂ ಆರ್-ವರ್ಗವನ್ನೂ ಕೊಡುತ್ತದೆ, ಶೇಷಗಳನ್ನು ತಾನಾಗಿ ಮುಂದಿಡುವುದಿಲ್ಲ. ಸ್ಕ್ರಿಪ್ಟಿನಲ್ಲಿ ಪ್ರತಿ ಹೆಜ್ಜೆಯೂ ಕಣ್ಣಿಗೆ ಕಾಣುತ್ತದೆ, ಒಂದು ಸಾಲು ಬದಲಿಸಿ ಮತ್ತೆ ಓಡಿಸಬಹುದು, ಪಕ್ಕದವನು ಓದಿ ತಪ್ಪು ಹುಡುಕಬಹುದು. ಕಲಿಕೆಗೆ ಬೇಕಾದದ್ದು ಇದೇ.

ಹಂತ 4: ಶೇಷಗಳು ಹೇಳುವ ಮಾತು

ಇದೇ ಅಂಕಿಗಳಿಗೆ ಒಂದು ಸಾದಾ ಸರಳರೇಖೆಯನ್ನೂ ಹೊಂದಿಸಿ (ದಶಕಕ್ಕೆ 71.2 ಲಕ್ಷದ ಏರಿಕೆ ಬರುತ್ತದೆ), ಎರಡರ ಶೇಷಗಳನ್ನೂ ಲಕ್ಷಗಳಲ್ಲಿ ಅಕ್ಕಪಕ್ಕ ಬರೆಸಿದೆವು.

| ವರ್ಷ | ಘಾತೀಯ ರೇಖೆಯ ಶೇಷ | ಸರಳರೇಖೆಯ ಶೇಷ |
|---|---|---|
| 1951 | −3.8 | +24.2 |
| 1961 | −4.7 | −5.1 |
| 1971 | +0.4 | −19.2 |
| 1981 | +15.5 | −12.0 |
| 1991 | +16.9 | −4.8 |
| 2001 | +2.0 | +2.8 |
| 2011 | −29.5 | +14.1 |

ಲಕ್ಷಗಳ ಅಳತೆಯಲ್ಲೇ ಲೆಕ್ಕ ಹಾಕಿದರೆ ಆರ್-ವರ್ಗ ಎರಡಕ್ಕೂ 0.99. ಯಾವುದು ಸರಿಯಾದ ರೇಖೆ ಎಂದು ಆರ್-ವರ್ಗ ಹೇಳಲಾರದು. ಏರುತ್ತಲೇ ಹೋಗುವ ಯಾವುದೇ ಅಂಕಿಗಳಿಗೆ ಏರುವ ಯಾವ ರೇಖೆ ಹೊಂದಿಸಿದರೂ ಅದು ಉದಾರವಾಗಿ ಅಂಕ ಕೊಡುತ್ತದೆ.

ಚಿಹ್ನೆಗಳನ್ನು ಮೇಲಿಂದ ಕೆಳಗೆ ಓದಿಸಿ. ಘಾತೀಯ ರೇಖೆಯಲ್ಲಿ: ಋಣ, ಋಣ, ಧನ, ಧನ, ಧನ, ಧನ, ಋಣ. ಮಧ್ಯೆ ಉಬ್ಬಿದ ಕಮಾನು. ಸರಳರೇಖೆಯಲ್ಲಿ: ಧನ, ನಾಲ್ಕು ಋಣ, ಎರಡು ಧನ. ಮಧ್ಯೆ ತಗ್ಗಿದ ತೊಟ್ಟಿಲು. ರೇಖೆ ನಿಜವಾಗಿ ಹೊಂದಿದ್ದರೆ ಚಿಹ್ನೆಗಳು ಹುಣಸೆ ಬೀಜ ಬಿದ್ದ ಹಾಗೆ ಚೆಲ್ಲಾಪಿಲ್ಲಿಯಾಗಿರಬೇಕು. ಇಲ್ಲಿ ಕ್ರಮ ಕಾಣುತ್ತಿದೆ. ಘಾತೀಯ ರೇಖೆ ಬೇಕಾದ್ದಕ್ಕಿಂತ ಹೆಚ್ಚು ಬಾಗಿದೆ, ಸರಳರೇಖೆ ಬಾಗಲೇ ಇಲ್ಲ. ನಿಜವಾದ ದಾರಿ ಇವೆರಡರ ನಡುವೆ ಎಲ್ಲೋ ಇದೆ.

ಹಂತ 5: ಮುಚ್ಚಿಟ್ಟ ಅಂಕಿಯಿಂದ ಪರೀಕ್ಷೆ

ಈಗ ಚಳ್ಳಕೆರೆಯ ಪಾಠವನ್ನು ಬೇಕೆಂದೇ ಮತ್ತೆ ಮಾಡಿಸಿ. 2001 ಮತ್ತು 2011ರ ಅಂಕಿಗಳನ್ನು ಮುಚ್ಚಿಟ್ಟು, ಮೊದಲ ಐದಕ್ಕೆ ಮಾತ್ರ ಸ್ಕ್ರಿಪ್ಟ್ ಓಡಿಸಲಿ. ಗುಣಕ 1.238 ಬರುತ್ತದೆ. ರೇಖೆ 2001ಕ್ಕೆ 560 ಲಕ್ಷ, 2011ಕ್ಕೆ 693 ಲಕ್ಷ ಹೇಳುತ್ತದೆ. ಈಗ ಮುಚ್ಚಿದ್ದನ್ನು ತೆರೆಯಿರಿ: 528.5 ಮತ್ತು 611. ಹತ್ತು ವರ್ಷಕ್ಕೆ 32 ಲಕ್ಷದ ತಪ್ಪು, ಇಪ್ಪತ್ತು ವರ್ಷಕ್ಕೆ 82 ಲಕ್ಷದ ತಪ್ಪು.

ಐದೇ ಬಿಂದುಗಳಿರುವಾಗ ಶೇಷಗಳ ಕಮಾನೂ ಸ್ಪಷ್ಟವಾಗಿ ಕಾಣುವುದಿಲ್ಲ. ಅದಕ್ಕೇ ಈ ಪರೀಕ್ಷೆ ಬೇಕು: ಕೆಲವು ಅಂಕಿಗಳನ್ನು ಬದಿಗಿಟ್ಟು ರೇಖೆ ಹೊಂದಿಸುವುದು, ಆಮೇಲೆ ಬದಿಗಿಟ್ಟದ್ದರ ಜೊತೆ ತಾಳೆ ನೋಡುವುದು. ಕಂಡ ಅಂಕಿಗಳಿಗೆ ಹೊಂದುವುದೂ ಕಾಣದ ಅಂಕಿಗಳನ್ನು ಹೇಳುವುದೂ ಬೇರೆ ಬೇರೆ ಕೆಲಸ.

ಹಾಗಾದರೆ ಮಿಕ್ಕ ಜನ ಎಲ್ಲಿ ಹೋದರು? ಅವರು ಎಲ್ಲಿಗೂ ಹೋಗಲಿಲ್ಲ, ಹುಟ್ಟಲೇ ಇಲ್ಲ. 1951ರ ನಂತರದ ಮೂರು ದಶಕಗಳಲ್ಲಿ ಸಾವಿನ ಪ್ರಮಾಣ ಇಳಿಯಿತು, ಜನನ ಪ್ರಮಾಣ ಅಷ್ಟೇ ಬೇಗ ಇಳಿಯಲಿಲ್ಲ. ಆದ್ದರಿಂದ ಗುಣಕ ಏರಿತು. ಆಮೇಲೆ ಹೆಣ್ಣುಮಕ್ಕಳ ಓದು, ಮದುವೆಯ ವಯಸ್ಸು, ಕುಟುಂಬ ಯೋಜನೆ ಎಲ್ಲ ಸೇರಿ ಮನೆಗಳು ಚಿಕ್ಕದಾದವು, ಗುಣಕ ಇಳಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ವಿದ್ಯಾರ್ಥಿಗಳಿಗೆ ಇದು ಮನೆಯಲ್ಲೇ ಸಿಗುವ ಅಂಕಿ. ಅಜ್ಜಿಗೆ ಎಷ್ಟು ಮಕ್ಕಳು, ಅಮ್ಮನಿಗೆ ಎಷ್ಟು ಎಂದು ತಮ್ಮೊಳಗೇ ಲೆಕ್ಕ ಹಾಕಿಕೊಳ್ಳಲಿ, ಯಾರನ್ನೂ ಎಬ್ಬಿಸಿ ಕೇಳುವುದು ಬೇಡ. ಹುಣಸೆ ಬೀಜ ಮನಸ್ಸು ಬದಲಿಸುವುದಿಲ್ಲ, ಮನುಷ್ಯ ಬದಲಿಸುತ್ತಾನೆ. ಪಾಠದ ತಿರುಳು ಈ ಒಂದು ವಾಕ್ಯದಲ್ಲಿದೆ.

ಹಿಂದಕ್ಕೆ ನೋಡಿದರೂ ಇದೇ ಕಥೆ. ಇಂದಿನ ಕರ್ನಾಟಕದ ಎಲ್ಲೆಯಲ್ಲಿ 1911ರಲ್ಲಿ 135.25 ಲಕ್ಷ ಜನರಿದ್ದರು, 1921ರಲ್ಲಿ 133.78 ಲಕ್ಷ. ನಡುವೆ 1918ರ ಇನ್‌ಫ್ಲುಯೆಂಜಾ ಬಂದು ಹೋಗಿತ್ತು. ಗುಣಕ ಒಂದಕ್ಕಿಂತ ಕೆಳಗಿಳಿದ ಆ ದಶಕವನ್ನು ಏರುತ್ತಲೇ ಹೋಗುವ ರೇಖೆ ತೋರಿಸಲಾರದು.

ಪ್ರಶಿಕ್ಷಣಾರ್ಥಿಗಳಿಗೆ ಒಂದು ಸೂಕ್ಷ್ಮ: ಎರಡು ಸ್ಕ್ರಿಪ್ಟ್, ಎರಡು ಉತ್ತರ

ಇದನ್ನು ಪಿಯುಸಿ ತರಗತಿಯಲ್ಲಿ ಹೇಳಲೇಬೇಕೆಂದಿಲ್ಲ, ಆದರೆ ಶಿಕ್ಷಕರಿಗೆ ಗೊತ್ತಿರಬೇಕು. ಲಾಗ್ ತೆಗೆದು ಸರಳರೇಖೆ ಹೊಂದಿಸುವುದು ಒಂದು ದಾರಿ. ಲಾಗ್ ತೆಗೆಯದೆ, ಶೇಷಗಳ ವರ್ಗಗಳ ಮೊತ್ತ ಕನಿಷ್ಠವಾಗುವ ಆರಂಭದ ಬೆಲೆ ಮತ್ತು ಗುಣಕವನ್ನು ‘ಎಫ್‌ಮಿನ್‌ಸರ್ಚ್’ ಆದೇಶದಿಂದ ನೇರವಾಗಿ ಹುಡುಕಿಸುವುದು ಇನ್ನೊಂದು. ಏಳು ಗಣತಿಗಳಿಗೆ ಮೊದಲ ದಾರಿಯಲ್ಲಿ ಗುಣಕ 1.216, ಎರಡನೆಯದರಲ್ಲಿ ಸುಮಾರು 1.205. ಎರಡೂ ಸರಿಯಾಗಿ ಓಡಿದ ಸ್ಕ್ರಿಪ್ಟುಗಳೇ.

ವ್ಯತ್ಯಾಸ ಏಕೆ? ಲಾಗ್ ದಾರಿ ಶೇಕಡಾವಾರು ತಪ್ಪನ್ನು ಅಳೆಯುತ್ತದೆ. 1951ರ ಶೇ. 2ರ ತಪ್ಪೂ 2011ರ ಶೇ. 2ರ ತಪ್ಪೂ ಅದಕ್ಕೆ ಸಮ. ನೇರ ದಾರಿ ಲಕ್ಷಗಳಲ್ಲಿ ಅಳೆಯುತ್ತದೆ, ಹಾಗಾಗಿ ದೊಡ್ಡ ಸಂಖ್ಯೆಗಳ ಮಾತಿಗೇ ತೂಕ ಹೆಚ್ಚು. 2011ಕ್ಕೆ ಮೊದಲನೆಯದು 640 ಲಕ್ಷ, ಎರಡನೆಯದು ಸುಮಾರು 627 ಲಕ್ಷ ಎನ್ನುತ್ತದೆ. ಆದರೆ ಆ ಲಾಭಕ್ಕೆ ಎರಡನೆಯದು 1951ರಲ್ಲಿ 11 ಲಕ್ಷದಷ್ಟು ಮೇಲೆ ಹೋಗಿ ಕೂರುತ್ತದೆ. ನೇರ ದಾರಿಗೆ ಹುಡುಕಾಟ ಎಲ್ಲಿಂದ ಶುರು ಎಂದು ನಾವೇ ಹೇಳಬೇಕು. ಲಾಗ್ ದಾರಿಯ ಉತ್ತರವನ್ನೇ ಅಲ್ಲಿ ಆರಂಭವಾಗಿ ಕೊಡುವುದು ಒಳ್ಳೆಯ ರೂಢಿ. ‘ಅತ್ಯುತ್ತಮ ರೇಖೆ’ ಎಂಬ ಮಾತಿನ ಮುಂದೆ ‘ಯಾವ ಅಳತೆಯಲ್ಲಿ?’ ಎಂಬ ಪ್ರಶ್ನೆ ಯಾವಾಗಲೂ ಇರುತ್ತದೆ.

ನಮ್ಮ ಜಿಲ್ಲೆಗೆ ತಂದು ನೋಡಿದರೆ

ಮೂರನೇ ಅವಧಿಯನ್ನು ಚಿತ್ರದುರ್ಗ ಜಿಲ್ಲೆಗೆ ಮೀಸಲಿಟ್ಟೆವು. ಜಿಲ್ಲೆಯ ಜನಸಂಖ್ಯೆ 2001ರಲ್ಲಿ 15,17,896, 2011ರಲ್ಲಿ 16,59,456. ಅನುಪಾತ 1.093. ರಾಜ್ಯದ ರೇಖೆಯ 1.216 ಗುಣಕವನ್ನು 2001ರ ಜಿಲ್ಲೆಯ ಅಂಕಿಗೆ ಹಚ್ಚಿದ್ದರೆ 18.46 ಲಕ್ಷ ಬರುತ್ತಿತ್ತು. ನಿಜಕ್ಕಿಂತ ಸುಮಾರು 1.87 ಲಕ್ಷ ಹೆಚ್ಚು. ರಾಜ್ಯದ ಆ ದಶಕದ ನಿಜವಾದ ಅನುಪಾತ 1.156 ಹಚ್ಚಿದರೂ 17.55 ಲಕ್ಷ. ರಾಜ್ಯದ ಸರಾಸರಿ ನಮ್ಮ ಬಯಲುಸೀಮೆಯ ತಾಲ್ಲೂಕುಗಳಿಗೆ ಒಗ್ಗುವುದಿಲ್ಲ.

ಇದು ಬರೀ ಲೆಕ್ಕದ ಮಾತಲ್ಲ. 2021ರ ಜನಗಣತಿ ಕೊರೊನಾ ಕಾರಣದಿಂದ ಮುಂದಕ್ಕೆ ಹೋಯಿತು. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ಮುಂದಿನ ಗಣತಿ ನಡೆಸುವುದಾಗಿ ಕೇಂದ್ರ ಸರ್ಕಾರ 2025ರಲ್ಲಿ ಪ್ರಕಟಿಸಿತು. ಹೀಗಾಗಿ ಈ ಹದಿನಾರು ವರ್ಷಗಳ ನಡುವೆ ಕುಡಿಯುವ ನೀರಿಗೋ ಶಾಲಾ ಕೊಠಡಿಗೋ ಪಡಿತರಕ್ಕೋ ‘ಈಗಿನ ಜನಸಂಖ್ಯೆ’ ಎಂದು ಯಾರಾದರೂ ಒಂದು ಅಂಕಿ ಹೇಳಿದರೆ, ಅದರ ಹಿಂದೆ ಯಾವುದೋ ಒಂದು ಅಂದಾಜಿನ ರೇಖೆ ಇದ್ದೇ ಇರುತ್ತದೆ. ಮಳೆ ಕಡಿಮೆ ಇರುವ ಚಳ್ಳಕೆರೆ, ಮೊಳಕಾಲ್ಮೂರಿನಂಥ ತಾಲ್ಲೂಕುಗಳಲ್ಲಿ ಆ ರೇಖೆ ಮೇಲೆ ಹೋದರೂ ಕೆಳಗೆ ಹೋದರೂ ಅದರ ಫಲ ಜನರ ಕೊಡಕ್ಕೇ ಬರುತ್ತದೆ. ನಮ್ಮ ವಿದ್ಯಾರ್ಥಿಗಳು ನಾಳೆ ಗ್ರಾಮ ಪಂಚಾಯಿತಿಯಲ್ಲಿ, ಕಚೇರಿಯಲ್ಲಿ, ಶಾಲೆಯಲ್ಲಿ ಇಂಥ ಅಂಕಿಗಳನ್ನು ಎದುರಿಸುವವರು.

ಕೈಲೆಕ್ಕದ ಒಂದು ತಪಾಸಣೆಯನ್ನು ಎಲ್ಲರಿಗೂ ಕಲಿಸಿ. ಏಳು ಗಣತಿಗಳ ರೇಖೆ 2021ಕ್ಕೆ ರಾಜ್ಯದಲ್ಲಿ 779 ಲಕ್ಷ ಎನ್ನುತ್ತದೆ. 2011ರ ನಿಜವಾದ 611ರಿಂದ ಅಲ್ಲಿಗೆ ತಲುಪಲು ಅನುಪಾತ ಎಷ್ಟಾಗಬೇಕು? ಸುಮಾರು 1.275. ನಮ್ಮ ಕೋಷ್ಟಕದ ಯಾವ ದಶಕದಲ್ಲೂ ಅಷ್ಟು ಬೆಳವಣಿಗೆ ಆಗಿಲ್ಲ, 1971–81ರಲ್ಲೂ ಇಲ್ಲ. ಇಳಿಯುತ್ತಿರುವ ಅನುಪಾತ ಒಮ್ಮೆಲೇ ದಾಖಲೆಯ ಎತ್ತರಕ್ಕೆ ಜಿಗಿಯಲು ಕಾರಣವಿದೆಯೇ? ಇಲ್ಲವೆಂದಾದರೆ ಆ ಅಂಕಿಯನ್ನು ಅಲ್ಲಿಯೇ ಬಿಡಬೇಕು. ಇದಕ್ಕೆ ಕಂಪ್ಯೂಟರ್ ಬೇಡ, ಒಂದು ಭಾಗಾಕಾರ ಸಾಕು.

ಮೌಲ್ಯಮಾಪನ

1. 1951ರ ಜನಸಂಖ್ಯೆ ಇಮ್ಮಡಿಯಾಗಲು ಸುಮಾರು ಎಷ್ಟು ವರ್ಷ ಬೇಕಾಯಿತು? 1971ರದ್ದು? ಕೋಷ್ಟಕದಿಂದ ಅಂದಾಜು ಮಾಡಿ. (ಸುಮಾರು 32 ಮತ್ತು 37 ವರ್ಷ. ಘಾತೀಯ ಬೆಳವಣಿಗೆಯಲ್ಲಿ ಇವೆರಡೂ ಸಮನಾಗಿರಬೇಕಿತ್ತು.)
2. ನಿಮ್ಮ ಹುಣಸೆ ಬೀಜದ ಅಂಕಿಗಳ ಶೇಷಗಳಿಗೂ ಗಣತಿಯ ಶೇಷಗಳಿಗೂ ಚಿಹ್ನೆಗಳ ಕ್ರಮದಲ್ಲಿ ಏನು ವ್ಯತ್ಯಾಸ? ಕಾರಣ ಬರೆಯಿರಿ.
3. ‘ಆರ್-ವರ್ಗ 0.99, ಆದ್ದರಿಂದ 2031ರ ಅಂದಾಜು ನಂಬಬಹುದು’ ಎಂದು ಗೆಳೆಯ ಹೇಳುತ್ತಾನೆ. ಅವನಿಗೆ ಕೇಳಬೇಕಾದ ಎರಡು ಪ್ರಶ್ನೆ ಬರೆಯಿರಿ.
4. ಗುಣಕ ಬದಲಾಗದ ಒಂದು ಸಂದರ್ಭ, ಬದಲಾಗುವ ಒಂದು ಸಂದರ್ಭವನ್ನು ನಿಮ್ಮ ಸುತ್ತಲಿಂದ ಹುಡುಕಿ.

ಅವಲೋಕಕರ ಗಮನಕ್ಕೆ

ಇಂಥ ಪಾಠಗಳನ್ನು ನೋಡುವಾಗ ಸ್ಕ್ರಿಪ್ಟ್ ಓಡಿತೇ ಎಂಬುದಕ್ಕೆ ಅಂಕ ಕೊಡುವುದು ಸುಲಭ. ಅದರ ಜೊತೆಗೆ ಮೂರನ್ನು ಗುರುತಿಸಿಕೊಳ್ಳಬೇಕೆಂದು ನನ್ನ ಅನುಭವ ಹೇಳುತ್ತದೆ. ಕಂಪ್ಯೂಟರ್‌ಗೆ ಮೊದಲು ಅನುಪಾತದ ಕಂಬಸಾಲು ಬರೆಸಿದರೇ? ಆರ್-ವರ್ಗಕ್ಕೆ ಮೊದಲು ಶೇಷಗಳನ್ನು ತೋರಿಸಿದರೇ? ವಿದ್ಯಾರ್ಥಿಯೊಬ್ಬರು ಉತ್ತರವನ್ನೇ ಪ್ರಶ್ನಿಸಿದಾಗ ಪಾಠ ಅಲ್ಲಿ ನಿಂತಿತೇ, ಮುಂದೆ ಓಡಿತೇ?

ಮೊಳಕಾಲ್ಮೂರಿನಲ್ಲಿ ಮುಚ್ಚಿಟ್ಟ ಅಂಕಿ ತೆರೆದ ಕೂಡಲೆ ಹಿಂದಿನ ಸಾಲಿನ ಹುಡುಗನೊಬ್ಬ, “ಮಿಸ್, ಕಂಪ್ಯೂಟರ್ ಸುಳ್ಳು ಹೇಳ್ತು” ಎಂದ. ಪ್ರಶಿಕ್ಷಣಾರ್ಥಿ ಈ ಸಲ ನಗಲಿಲ್ಲ, ಮುಂದಕ್ಕೂ ಹೋಗಲಿಲ್ಲ. “ನಾವು ಅದಕ್ಕೆ ಏನು ಕೇಳಿದ್ವಿ?” ಎಂದು ತರಗತಿಗೇ ಕೇಳಿ, ಸೀಮೆಸುಣ್ಣವನ್ನು ಆ ಹುಡುಗನ ಕೈಗೆ ಕೊಟ್ಟರು. ಮೂರನೇ ಕಂಬಸಾಲನ್ನು ಅವನೇ ಹಲಗೆಯ ಮೇಲೆ ಮತ್ತೆ ಬರೆದ. ಅವಧಿಯ ಗಂಟೆ ಬಾರಿಸಿದಾಗ ಪಾಠಯೋಜನೆಯ ಕೊನೆಯ ಎರಡು ಅಂಶಗಳು ಉಳಿದಿದ್ದವು. ಅವಲೋಕನ ಪುಸ್ತಕದಲ್ಲಿ ಅದನ್ನು ಕೊರತೆಯೆಂದು ನಾನು ಬರೆಯಲಿಲ್ಲ.